ಬೂಟಿನಿಂದ ಬಿಲ್ಲೆಯವರೆಗೆ: ಪುತ್ರಜಯಕ್ಕೊಂದು ಬಹಿರಂಗ ಪತ್ರ

ಮಲೇಷ್ಯಾದ ಶಿಕ್ಷಣ ಸಚಿವಾಲಯದ ಸನ್ನಿಧಾನಕ್ಕೆ, ಪುತ್ರಜಯ.

ವಿಷಯ: ಶಾಲಾ ಸಮವಸ್ತ್ರದ ಸುಧಾರಣೆಗಳನ್ನು ಅಭಿನಂದಿಸಿ, ಅವುಗಳ ಬಿಲ್ಲನ್ನು ವಿನಯಪೂರ್ವಕ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ಶಿಕ್ಷಣದ ಸುಧಾರಣೆ ಎಲ್ಲ ದೇಶಗಳಲ್ಲೂ ಕಷ್ಟದ ಕೆಲಸವೆಂದು ಹೆಸರಾಗಿದೆ. ಪಠ್ಯಕ್ರಮ ಬದಲಿಸಿದರೆ ಶಿಕ್ಷಕರಿಗೆ ತರಬೇತಿ ಕೊಡಬೇಕಾಗುತ್ತದೆ, ತರಗತಿಯಲ್ಲಿ ಮಕ್ಕಳ ಸಂಖ್ಯೆ ತಗ್ಗಿಸಿದರೆ ಹೊಸ ಕೊಠಡಿ ಕಟ್ಟಬೇಕಾಗುತ್ತದೆ, ಎರಡಕ್ಕೂ ಖಜಾನೆಯ ಬೀಗ ತೆಗೆಯಬೇಕಾಗುತ್ತದೆ. ಸಮವಸ್ತ್ರದ ಸುಧಾರಣೆಗೆ ಈ ಯಾವ ತೊಡಕೂ ಇಲ್ಲ. ಸುತ್ತೋಲೆ ಹೊರಟರೆ ಸಾಕು, ಪ್ರಗತಿಯು ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಅಂಗಳದಲ್ಲಿ ಸಾಲಾಗಿ ನಿಂತು ಕಾಣುತ್ತದೆ, ಖರ್ಚು ಮಾತ್ರ ಸದ್ದಿಲ್ಲದೆ ಪೋಷಕರ ಜೇಬಿನಿಂದ ಹೋಗುತ್ತದೆ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎಂಬ ಗಾದೆಯನ್ನು ಆಡಳಿತಶಾಸ್ತ್ರದ ಸೂತ್ರವಾಗಿ ಬೆಳೆಸಿದ ಕೀರ್ತಿ ಸಚಿವಾಲಯಕ್ಕೇ ಸಲ್ಲಬೇಕು.

ದೇಶದ ಶಾಲೆಗಳ ಈಗಿನ ಉಡುಪು 1970ರ ಜನವರಿಯಲ್ಲಿ ರೂಢಿಗೆ ಬಂತು. ಪ್ರಾಥಮಿಕ ಶಾಲೆಯ ಹುಡುಗರಿಗೆ ಬಿಳಿ ಅಂಗಿ ಮತ್ತು ಕಡುನೀಲಿ ಚಡ್ಡಿ ಅಥವಾ ಪ್ಯಾಂಟು, ಪ್ರೌಢಶಾಲೆಯವರಿಗೆ ಆಲಿವ್ ಹಸಿರಿನ ಪ್ಯಾಂಟು; ಹುಡುಗಿಯರಿಗೆ ಪಿನಾಫೋರ್, ಅಂದರೆ ಅಂಗಿಯ ಮೇಲೆ ತೊಡುವ ತೋಳಿಲ್ಲದ ಗೌನು, ಇಲ್ಲವೇ ಬಾಜು ಕುರುಂಗ್, ಅಂದರೆ ಸಡಿಲವಾದ ನಿಲುವಂಗಿ ಮತ್ತು ಉದ್ದ ಲಂಗ. ಇದರ ಉದ್ದೇಶ ಬಡವ ಬಲ್ಲಿದರ ಅಂತರ ಬಟ್ಟೆಯಲ್ಲಿ ಕಾಣದಿರಲಿ ಎಂಬುದಾಗಿತ್ತು. ಅಕ್ಕನಿಗೆ ಗಿಡ್ಡವಾದ ಪಿನಾಫೋರ್ ತಂಗಿಗೆ ಬರುವುದು, ಅಣ್ಣನ ಪ್ಯಾಂಟಿನ ಮಡಿಕೆ ಬಿಚ್ಚಿ ತಮ್ಮನಿಗೆ ಇಳಿಸುವುದು ಆ ವ್ಯವಸ್ಥೆಯ ಬರೆಯದ ನಿಯಮವಾಗಿದ್ದು, ಸಮವಸ್ತ್ರದ ಅಗ್ಗತನವೆಲ್ಲ ಅದು ಬದಲಾಗದಿರುವುದರಲ್ಲೇ ಅಡಗಿದೆ. ಈ ರಹಸ್ಯ ಪುತ್ರಜಯಕ್ಕೆ ಇನ್ನೂ ತಲುಪಿದಂತಿಲ್ಲ.

2018ರಲ್ಲಿ ಅಂದಿನ ಸಚಿವ ಮಸ್ಜ್ಲೀ ಮಲಿಕ್ ಅವರು ಬಿಳಿ ಬೂಟಿನ ಬದಲು ಕಪ್ಪು ಬೂಟು ಬರಲಿದೆ ಎಂದು ಪ್ರಕಟಿಸಿದರು. ಬಿಳಿ ಬೂಟು ಬೇಗ ಕೊಳೆಯಾಗುತ್ತದೆ, ವಾರದ ಕೊನೆಗೆ ಅದನ್ನು ಉಜ್ಜಿ, ಒಣಗಿಸಿ, ಸುಣ್ಣದಂಥ ಬಿಳಿ ಪಾಲಿಶ್ ಬಳಿಯುವ ಕಷ್ಟ ಮನೆಮನೆಗೂ ಗೊತ್ತಿತ್ತು ಎಂಬುದು ನಿಜ. ಹೊಸ ನಿಯಮ 2019ರಿಂದ ಹಂತಹಂತವಾಗಿ ಜಾರಿಯಾಗಿ 2021ಕ್ಕೆ ಸಂಪೂರ್ಣ ಕಡ್ಡಾಯವಾಗಬೇಕೆಂದು ಗೊತ್ತುಮಾಡಲಾಯಿತು. ದೇಶವಿಡೀ ನಕ್ಕ ಆ ಯೋಜನೆಯಲ್ಲಿ ನಗಬಾರದ ಅಂಶವೊಂದಿತ್ತೆಂದರೆ ಈ ಕಾಲಾವಕಾಶವೇ. ಬೆಳೆಯುವ ಕಾಲು ಹೇಗೂ ಹಳೆಯ ಬೂಟನ್ನು ಅಷ್ಟರೊಳಗೆ ಮೀರಿರುತ್ತದೆ. ಆದರೆ 2020ರಲ್ಲಿ ಕೋವಿಡ್ ಬಂದು ಶಾಲೆಗಳೇ ಮುಚ್ಚಿದ್ದರಿಂದ, ಎಷ್ಟೋ ಕಪ್ಪು ಬೂಟುಗಳು ಹೊಸ್ತಿಲು ದಾಟದೆಯೇ ಚಿಕ್ಕವಾಗಿ, ಬಹುಕಾಲ ಕೊಳೆಯಾಗದ ಬೂಟು ಎಂಬ ಆಶಯವನ್ನು ಅಕ್ಷರಶಃ ಈಡೇರಿಸಿದವು.

ಬಳಿಕ 2022ರಲ್ಲಿ, ಮಗುವಿನ ಹೆಸರು ಅಪರಿಚಿತರಿಗೆ ತಿಳಿಯುವುದು ಅಪಾಯವೆಂಬ ಕಾರಣಕ್ಕೆ, ಹೆಸರುಳ್ಳ ಬಟ್ಟೆಪಟ್ಟಿಯನ್ನು ಅಂಗಿಗೆ ಕಾಯಂ ಹೊಲಿಯಕೂಡದೆಂದಾಯಿತು. ಆ ಕಾರಣ ಒಪ್ಪತಕ್ಕದ್ದೇ. ಆದರೆ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತುಗಳ ಸಾಲೂ, ಸುತ್ತಲಿನ ಬಟ್ಟೆ ಹಳದಿಗಟ್ಟಿದ್ದರೂ ತಾನು ಮಾತ್ರ ಹೊಚ್ಚ ಬಿಳಿಯಾಗಿರುವ ಆಯತವೊಂದೂ ಉಳಿಯುತ್ತವೆ. ಅಂಗಿಯ ಎದೆ ಹೀಗೆ ಬರಿದಾಗಿದ್ದನ್ನು ನೋಡಲಾರದೆಯೋ ಏನೋ, 2025ರ ಏಪ್ರಿಲ್ 21ರಿಂದ ಜಾಲುರ್ ಗೆಮಿಲಾಂಗ್, ಅಂದರೆ ರಾಷ್ಟ್ರಧ್ವಜದ, ಬಿಲ್ಲೆಯನ್ನು ಸಮವಸ್ತ್ರದ ಮೇಲೆ ಕಡ್ಡಾಯಗೊಳಿಸಲಾಯಿತು. ಆರಂಭದ ಹಂಚಿಕೆಗೆ ಸಚಿವಾಲಯ 80 ಲಕ್ಷ ರಿಂಗಿಟ್ ತೆಗೆದಿಟ್ಟಿತು. ಬಿಲ್ಲೆ ಕಡ್ಡಾಯವಾದ ಅದೇ ವಾರ, ಎಸ್‌ಪಿಎಂ ಎಂಬ ಪ್ರೌಢಶಾಲಾ ಅಂತಿಮ ಪರೀಕ್ಷೆಯ ಫಲಿತಾಂಶ ವರದಿಯಲ್ಲಿ ಸಚಿವಾಲಯವೇ ಧ್ವಜದ ಚಿತ್ರವನ್ನು ತಪ್ಪಾಗಿ ಅಚ್ಚುಹಾಕಿ ಕ್ಷಮೆ ಕೋರಬೇಕಾಗಿ ಬಂದುದರಿಂದ, ಬಿಲ್ಲೆಯ ಅಗತ್ಯ ಮಕ್ಕಳಿಗಿಂತ ಹೆಚ್ಚಾಗಿ ಯಾರಿಗಿದೆ ಎಂಬ ಪ್ರಶ್ನೆ ತಾನಾಗಿಯೇ ಬಗೆಹರಿಯಿತು.

ಒಂದೊಂದಾಗಿ ನೋಡಿದರೆ ಇವೆಲ್ಲ ಚಿಲ್ಲರೆ ಖರ್ಚುಗಳೇ. ಆದರೆ ಮಲೇಷ್ಯಾದ ಮಗುವಿನ ಕಪಾಟಿನಲ್ಲಿ ಇರುವುದು ಒಂದೇ ಉಡುಪಲ್ಲ: ತರಗತಿಯ ದಿನಕ್ಕೆ ಸಮವಸ್ತ್ರ, ವ್ಯಾಯಾಮದ ದಿನಕ್ಕೆ ಕ್ರೀಡಾ ಉಡುಪು, ಸ್ಕೌಟ್ ಅಥವಾ ಕೆಡೆಟ್ ಚಟುವಟಿಕೆಯ ದಿನಕ್ಕೆ ಆ ದಳದ ದಿರಿಸು, ಜೊತೆಗೆ ಕ್ರೀಡಾಬಣದ ಬಣ್ಣದ ಟೀ ಶರ್ಟು. ಎದುರಿಗೆ ಸರ್ಕಾರ ಕೊಡುವುದು ಬಂತುವಾನ್ ಅವಾಲ್ ಪರ್ಸೆಕೋಲಾಹಾನ್, ಅಂದರೆ ಶಾಲಾರಂಭದ ನೆರವು, ಈಚಿನ ವರ್ಷಗಳಲ್ಲಿ ಮಗುವೊಂದಕ್ಕೆ 150 ರಿಂಗಿಟ್. ಒಂದು ಕೈಯಿಂದ ಕೊಟ್ಟಿದ್ದನ್ನು ಇನ್ನೊಂದು ಕೈಯ ಸುತ್ತೋಲೆ ವಸೂಲು ಮಾಡಿಕೊಳ್ಳುವ ಈ ಏರ್ಪಾಟಿನಲ್ಲಿ ಲೆಕ್ಕ ಸರಿತೂಗದೆ ಉಳಿಯುವುದು ಮೂರು ಮಕ್ಕಳ ದಿನಗೂಲಿ ಕುಟುಂಬದ್ದು ಮಾತ್ರ.

ಸಚಿವಾಲಯದ ಉತ್ಸಾಹಕ್ಕೆ ಕುಂದು ತರಬಲ್ಲ ಒಂದು ಅಪಾಯಕಾರಿ ದಾಖಲೆಯ ಬಗ್ಗೆ ಇಲ್ಲಿ ಎಚ್ಚರಿಸುವುದು ಅಗತ್ಯ. ಕರ್ನಾಟಕದ ಶಿಕ್ಷಣ ಸಂಸ್ಥೆಗಳಿಗೆ ಸಂಬಂಧಿಸಿದ 1995ರ ನಿಯಮಾವಳಿಯ 11ನೆಯ ನಿಯಮದಂತೆ, ಶಾಲೆಯೊಂದು ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸುವಂತಿಲ್ಲ. ಬದಲಿಸುವುದಾದರೆ ಪೋಷಕರಿಗೆ ಒಂದು ವರ್ಷ ಮೊದಲೇ ನೋಟಿಸು ಕೊಡಬೇಕು. ಬಟ್ಟೆಯನ್ನು ಶಾಲೆ ಹೇಳಿದಲ್ಲೇ ಕೊಳ್ಳಬೇಕೆಂಬ ಒತ್ತಾಯವೂ ಕೂಡದು. ಆ ನಾಡಿನಲ್ಲಿ ನಿಯಮ ಇದ್ದಮಾತ್ರಕ್ಕೆ ಎಲ್ಲ ಖಾಸಗಿ ಶಾಲೆಗಳೂ ಅದನ್ನು ಪಾಲಿಸುತ್ತವೆಂದು ಯಾರೂ ಹೇಳಲಾರರು. ಆದರೂ ಇಂಥದೊಂದು ಕಾಗದ ಪುತ್ರಜಯದ ಕೈಸೇರಿದರೆ, ಸುಧಾರಿಸಲು ಬೂಟು, ಬಿಲ್ಲೆಗಳು ಸಿಗದೆ, ಕೊನೆಗೆ ಪಾಠವನ್ನೇ ಸುಧಾರಿಸಬೇಕಾದ ಪ್ರಸಂಗ ಒದಗೀತು.

ಆದಕಾರಣ ಈ ಪತ್ರದ ಬೇಡಿಕೆ ಒಂದೇ. ಸಮವಸ್ತ್ರಕ್ಕೆ ಸಂಬಂಧಿಸಿದ ಪ್ರತಿ ಸುತ್ತೋಲೆಯಲ್ಲೂ ‘ಒಂದು ಮಗುವಿಗೆ ತಗಲುವ ವೆಚ್ಚ, ಮತ್ತು ಅದನ್ನು ಭರಿಸುವವರು’ ಎಂಬ ಅಂಕಣವಿರಲಿ. ಅದನ್ನು ತುಂಬಿದ ಮೇಲೆ ಒಂದು ವರ್ಷ ಬಿಟ್ಟು ಆದೇಶ ಜಾರಿಗೆ ಬರಲಿ. ಅಂಕಣ ತುಂಬಲಾಗದಿದ್ದರೆ ಸುತ್ತೋಲೆಯನ್ನೂ ಖಾಲಿಯಾಗಿಯೇ ಕಳುಹಿಸಬಹುದು; ಅದರಿಂದ ಯಾವ ಮಗುವಿನ ಕಲಿಕೆಗೂ ಧಕ್ಕೆಯಾಗದು.

ಇತಿ,
ಒಂದು ಅಳತೆ ದೊಡ್ಡದಾದ ಬೂಟನ್ನೇ ಕೊಳ್ಳುವ ಪೋಷಕವರ್ಗ