ಬೇಟೆನಾಯಿ ನಾಯಿಯಲ್ಲ

ಸ್ಪೇನಿನ ನಾಯಿಗಳಿಗೆ 2023ರ ಮಾರ್ಚ್‌ನಲ್ಲಿ ಶುಕ್ರದೆಸೆ ತಿರುಗಿತು. ಪ್ರಾಣಿ ಕಲ್ಯಾಣ ಕಾಯ್ದೆಗೆ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ನಾಯಿಯನ್ನು 24 ಗಂಟೆಗಿಂತ ಹೆಚ್ಚು ಹೊತ್ತು ಒಂಟಿಯಾಗಿ ಬಿಡುವಂತಿಲ್ಲ, ಸಾಕುವವರು ತರಬೇತಿ ಪಡೆಯಬೇಕು, ವಿಮೆಯನ್ನೂ ಮಾಡಿಸಬೇಕು. ಮ್ಯಾಡ್ರಿಡ್‌ನ ಸೋಫಾದ ಮೇಲೆ ಗೊರಕೆ ಹೊಡೆಯುವ ನಾಯಿಗೆ ಇನ್ನೇನು ಬೇಕು?

ಬೇಟೆನಾಯಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅದಕ್ಕೂ ನಾಲ್ಕು ಕಾಲಿದೆ, ಬಾಲವಿದೆ, ಒದ್ದರೆ ಕುಂಯ್ ಅನ್ನುತ್ತದೆ. ಆದರೆ ಅದು ಕೆಲಸ ಮಾಡಿ ತಿನ್ನುತ್ತದಲ್ಲ, ದುಡಿಯುವವರಿಗೇಕೆ ಕಲ್ಯಾಣ?

ಅಲ್ಲಿನ ಗಾಲ್ಗೊ ನೋಡಲು ನಮ್ಮ ಮುಧೋಳ ನಾಯಿಯ ಹಾಗೆ: ಉದ್ದ ಮೂತಿ, ಒಳಸೇರಿದ ಹೊಟ್ಟೆ. ಮೊಲ ಅಟ್ಟುವುದು ಅದರ ಕಸುಬು. ಜನವರಿ ಮುಗಿಯುವ ಹೊತ್ತಿಗೆ ಬೇಟೆಯ ಕಾಲವೂ ಮುಗಿಯುತ್ತದೆ, ಎಷ್ಟೋ ನಾಯಿಗಳ ಅನ್ನದ ಋಣವೂ. ಕೆಲವನ್ನು ರಸ್ತೆಗೆ ಅಟ್ಟುತ್ತಾರೆ, ಕೆಲವನ್ನು ಬಾವಿಗೆ ಎಸೆಯುತ್ತಾರೆ. ಓಟದಲ್ಲಿ ಯಜಮಾನನ ಮಾನ ಕಳೆದದ್ದನ್ನು ಮರಕ್ಕೆ ನೇತುಹಾಕುವ ಪದ್ಧತಿಯೂ ಇತ್ತು. ಹಿಂಗಾಲಿನ ಬೆರಳು ನೆಲಕ್ಕೆ ತಾಗಿಯೂ ತಾಗದಷ್ಟು ಎತ್ತರಕ್ಕೆ ಕಟ್ಟಿದರೆ ನಾಯಿ ತಕತಕ ಕುಣಿಯುತ್ತ ಸಾಯುತ್ತದೆ. ಇದಕ್ಕೆ ಇಟ್ಟ ಹೆಸರು 'ಪಿಯಾನೊ ನುಡಿಸುವುದು'. ಸಂಗೀತಪ್ರಿಯ ಜನ!

(ನಾವು ನಗುವ ಹಾಗಿಲ್ಲ. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದರ್ಶಿನಿಯ ಮಸಾಲೆ ದೋಸೆಗೂ ಸಾಲದು.)

ಕೊಂದವನಿಗೆ ದಂಡಸಂಹಿತೆ ಇದೆಯಲ್ಲ ಎಂದು ವಿನಾಯಿತಿ ಕೊಟ್ಟವರು ಹೇಳುತ್ತಾರೆ. ನಿಜ, ಅದು ಬೇಟೆನಾಯಿಗೂ ಅನ್ವಯಿಸುತ್ತದೆ. ಅಂದರೆ ನಾಯಿ ಮೊದಲು ನರಳಬೇಕು ಇಲ್ಲವೇ ಸಾಯಬೇಕು, ಆಮೇಲೆ ಪೊಲೀಸರು ಯಜಮಾನನನ್ನು ಹುಡುಕಬೇಕು. ಅವನ ಗುರುತು ನಾಯಿಯ ಕತ್ತಿನಲ್ಲಿರುವ ಮೈಕ್ರೋಚಿಪ್‌ನಲ್ಲಿದೆ. ಅದನ್ನು ಕುಯ್ದು ತೆಗೆದೇ ಬೀದಿಗೆ ಬಿಟ್ಟ ನಾಯಿಗಳು ಸಿಕ್ಕಿವೆ. ಉಳಿದ ಕಾಳಜಿಯನ್ನೆಲ್ಲ 17 ಸ್ವಾಯತ್ತ ಪ್ರಾಂತ್ಯಗಳ ತಲೆಗೆ ಕಟ್ಟಲಾಗಿದೆ.

ಮೂಲ ಕರಡಿನಲ್ಲಿ ಬೇಟೆನಾಯಿಯೂ ಇತ್ತು. ತೆಗೆಸಿದವರು ಸರ್ಕಾರದ ಹಿರಿಯ ಪಾಲುದಾರರಾದ ಸಮಾಜವಾದಿಗಳೇ. ಕಿರಿಯ ಪಾಲುದಾರ ಪೊದೆಮೊಸ್ ಕೂಗಾಡಿದ್ದು ವ್ಯರ್ಥವಾಯಿತು. 2022ರ ಮಾರ್ಚ್‌ನಲ್ಲಿ ಬೇಟೆಗಾರರೂ ಸೇರಿ ಹಳ್ಳಿಗರು ಮ್ಯಾಡ್ರಿಡ್ ಬೀದಿಗಳನ್ನು ತುಂಬಿದ್ದು ಎಲ್ಲರಿಗೂ ನೆನಪಿತ್ತು, ಪ್ರಾಂತ್ಯಗಳ ಚುನಾವಣೆಯೂ ಹತ್ತಿರದಲ್ಲಿತ್ತು.

2023ರ ಮೇ 28ರಂದು ಮತದಾನವಾಯಿತು. ಅರಗೋನ್, ವಲೆನ್ಸಿಯಾ, ಎಕ್ಸ್‌ಟ್ರೆಮದೂರಾ ಮೂರೂ ಕಡೆ ಸಮಾಜವಾದಿಗಳು ಅಧಿಕಾರ ಕಳೆದುಕೊಂಡರು. ಸೆಪ್ಟೆಂಬರ್ 29ರಂದು ಕಾಯ್ದೆ ಜಾರಿಗೆ ಬಂತು, ವಿನಾಯಿತಿಯ ಸಮೇತ.