ಕೊನೆಗೆ ಹಚ್ಚಿದ ಎಣ್ಣೆ

ಮಧೂರಿನ ಆಸುಪಾಸಿನಲ್ಲಿ ಯಾವ ಮನೆಯ ಕಪಾಟು ತೆರೆದರೂ ಮೊದಲು ಹೊರಗೆ ಬರುವುದು ನೋವಿನ ಎಣ್ಣೆಯ ವಾಸನೆ. ಕೋಟಕ್ಕಲ್‌ನ ಧನ್ವಂತರ ತೈಲ, ಕೊಟ್ಟಂಚುಕ್ಕಾದಿ, ಬಿದ್ದು ಪೆಟ್ಟಾದರೆ ಇರಲಿ ಎಂದು ಮುರಿವೆಣ್ಣೆ, ಗಲ್ಫಿನಿಂದ ರಜೆಯಲ್ಲಿ ಬಂದವರು ಹಂಚಿದ ಕೊಡಲಿ ಗುರುತಿನ ಪುಟ್ಟ ಸೀಸೆ, ಮಂಗಳೂರಿನ ಆಸ್ಪತ್ರೆಗೆ ಹೋಗಿದ್ದಾಗ ಕೊಂಡು ಅರ್ಧ ಹಿಂಡಿ ಮರೆತ ಟ್ಯೂಬು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ಎಣ್ಣೆಗಳ ಲೆಕ್ಕವನ್ನು ಯಾರೂ ಹಿಡಿದಿಲ್ಲ. ಹಿಡಿದರೆ ಭಾಷೆಗಳು ಸೋಲುತ್ತವೆ.

ಈ ಎಣ್ಣೆಗಳಿಗೆ ಈಚಿನವರೆಗೆ ಇದ್ದ ಕೆಲಸ ಎಲ್ಲರಿಗೂ ಗೊತ್ತಿದ್ದದ್ದೇ. ಅಡಿಕೆ ಮರದಿಂದ ಇಳಿದವರ ತೊಡೆ, ತೋಟಕ್ಕೆ ಗೊಬ್ಬರ ಹೊತ್ತವರ ಸೊಂಟ, ಮದುವೆಯ ಊಟದ ಪಂಕ್ತಿಯಲ್ಲಿ ಬಗ್ಗಿ ಬಗ್ಗಿ ಬಡಿಸಿದವರ ಬೆನ್ನು. ಈಗ ಹೊಸದೊಂದು ಗಿರಾಕಿ ವರ್ಗ ಹುಟ್ಟಿಕೊಂಡಿದೆ: ಕೈಯಿಂದ ದುಡ್ಡು ಕೊಟ್ಟು ಭಾರ ಎತ್ತಿ ಬರುವವರು.

ಅವರಲ್ಲಿ ನಿವೃತ್ತ ಕನ್ನಡ ಮಾಷ್ಟ್ರೊಬ್ಬರೂ ಇದ್ದಾರೆ. ಹೆಸರು ಬೇಡ, ಊರಿಡೀ ಅವರ ಶಿಷ್ಯರೇ. ಬಿ.ಪಿ. ನೋಡಲು ಹೋದಾಗ ಡಾಕ್ಟರು ಅವರ ತೊಡೆಯನ್ನೂ ಮುಟ್ಟಿ ನೋಡಿ, “ವಾಕಿಂಗ್ ಒಂದೇ ಸಾಲದು ಮಾಷ್ಟ್ರೇ, ಸ್ವಲ್ಪ ಭಾರ ಎತ್ತಿ” ಅಂದಿದ್ದರು. ಡಾಕ್ಟರ ಮಾತು ಹುಡುಗರ ಫ್ಯಾಶನ್ನಿನಿಂದ ಬಂದದ್ದಲ್ಲ. 65 ದಾಟಿದವರೂ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೇ ಹೇಳುತ್ತದೆ. ಮಾಷ್ಟ್ರಿಗೆ ಬರಹದಲ್ಲಿದ್ದದ್ದರ ಮೇಲೆ ಭಕ್ತಿ ಹೆಚ್ಚು. ಜಿಮ್ಮಿಗೆ ಸೇರಿಯೇ ಬಿಟ್ಟರು.

ಜಿಮ್ ಇದ್ದದ್ದು ಕಟ್ಟಡದ ಮೇಲಿನ ಮಾಳಿಗೆಯಲ್ಲಿ. ಮಾಳಿಗೆಯ ಮಹತ್ವ ಹತ್ತುವಾಗ ತಿಳಿಯುವುದಿಲ್ಲ. ಟ್ರೈನರ್ ಮೊಮ್ಮಗನ ಪ್ರಾಯದ ಹುಡುಗ. ಬಸ್ಕಿ ಹೊಡೆಸಿದ, ಎರಡು ಕೈಗೂ ಡಂಬೆಲ್ ಕೊಟ್ಟು ಮತ್ತೆ ಬಸ್ಕಿ ಹೊಡೆಸಿದ, ಅದೇ ಡಂಬೆಲನ್ನು ತಲೆಯ ಮೇಲಕ್ಕೆ ಎತ್ತಿಸಿದ. ಸರ್ವಿಸ್ ಇಡೀ ಬೇರೆಯವರಿಗೆ ಬಸ್ಕಿಯ ಶಿಕ್ಷೆ ಕೊಟ್ಟವರು ಸ್ವತಃ ಬಸ್ಕಿ ಹೊಡೆಯುವಾಗ, ಅಲ್ಲಿದ್ದ ಹಳೇ ಶಿಷ್ಯರು ಬಹಳ ಗೌರವದಿಂದ ನಿಂತು ಎಣಿಸಿದರು. ಒಬ್ಬ ನಡುವೆ ಒಂದು ಲೆಕ್ಕ ಹಾರಿಸಿ, ಮೊದಲಿನಿಂದ ಶುರು ಮಾಡಿದ ಎಂದೂ ಸುದ್ದಿ ಇದೆ.

ಆ ಸಂಜೆ ಮಾಷ್ಟ್ರು ಹುಮ್ಮಸ್ಸಿನಲ್ಲಿದ್ದರು. ಮರುದಿನ ಮೈ ಸ್ವಲ್ಪ ಬಿಗಿ. ಅದರ ಮರುದಿನ ಬೆಳಿಗ್ಗೆ ಮಂಚದಿಂದ ಬಚ್ಚಲಿಗೆ ಹೋಗಲು ಮಂಚದ ಕಾಲು, ಕಿಟಕಿಯ ಸರಳು, ಬಾಗಿಲ ದಾರಂದ ಎಂದು ಆಧಾರದಿಂದ ಆಧಾರಕ್ಕೆ ದಾಟಬೇಕಾಯಿತು. ಬನಿಯನ್ ತಲೆಯವರೆಗೆ ಬಂದು ಅಲ್ಲಿಯೇ ನಿಂತಿತು. ಕೈ ಮೇಲೂ ಹೋಗದು, ಕೆಳಗೂ ಬಾರದು. ಬನಿಯನ್ ಒಳಗಿಂದ ಕೂಗಿದ್ದು ಅಡುಗೆಮನೆಯ ಮಿಕ್ಸಿಯ ಸದ್ದಿನಲ್ಲಿ ಹೆಂಡತಿ ಟೀಚರಿಗೆ ಕೇಳದು. ಕಾಸರಗೋಡಿಗೆ ಹೋಗಿ ಬರುವಾಗ ಬಸ್ಸಿನ ಮೆಟ್ಟಿಲನ್ನು ಮುಖ ಒಳಗೆ, ಬೆನ್ನು ಹೊರಗೆ ಮಾಡಿ ಇಳಿದರು. ಕಂಡಕ್ಟರ್ ನೋಡಿ, “ಎಂತ ಮಾಷೇ, ಇಳಿಯುವುದಾ, ಹತ್ತುವುದಾ?” ಎಂದು ಕೇಳಿದ.

ದೇವಸ್ಥಾನದಲ್ಲಿ ಇನ್ನೂ ಕಷ್ಟ. ಸಿದ್ಧಿವಿನಾಯಕನ ಎದುರು ಕಿವಿ ಹಿಡಿದು ಬಸ್ಕಿ ಹಾಕುವುದು ಮಾಷ್ಟ್ರಿಗೆ ಚಿಕ್ಕಂದಿನ ರೂಢಿ. ಆ ದಿನ ಕೂತವರು ಕೂತಲ್ಲೇ ಉಳಿದರು. ಭಕ್ತಿ ಹೆಚ್ಚಾಗಿದೆ ಎಂದುಕೊಂಡು ಹಿಂದಿನವರು ತಾಳ್ಮೆಯಿಂದ ಕಾದರು. ಐತಿಹ್ಯದ ಪ್ರಕಾರ ಮಧೂರಿನ ಗಣಪತಿ ಅರ್ಚಕರ ಮಗನೊಬ್ಬ ಗರ್ಭಗುಡಿಯ ದಕ್ಷಿಣದ ಗೋಡೆಯಲ್ಲಿ ಆಟಕ್ಕೆ ಬರೆದ ಚಿತ್ರ. ಅದು ದಿನದಿಂದ ದಿನಕ್ಕೆ ದಪ್ಪವಾಗುತ್ತಾ ಹೋಗಿ ಮಕ್ಕಳ ಬಾಯಲ್ಲಿ ಬೊಡ್ಡಜ್ಜ ಆಯಿತಂತೆ. 1992ರ ಬಳಿಕ 2025ರಲ್ಲಿ ಮೂಡಪ್ಪ ಸೇವೆ ನಡೆದಾಗ ಕಬ್ಬಿನ ಬೇಲಿಯ ನಡುವೆ ಅಪ್ಪದ ರಾಶಿಯಲ್ಲಿ ಮುಳುಗಿ ಕೂತವನೂ ಅವನೇ. ಡಂಬೆಲ್ ಮುಟ್ಟದೆ, ಪ್ರೊಟೀನ್ ಪುಡಿ ನೆಕ್ಕದೆ ಇಷ್ಟು ಬೆಳೆದವನ ಎದುರು ಸೊಂಟ ಹಿಡಿದುಕೊಂಡು ಏಳಲಾರದೆ ಕೂರುವುದು ಮಾಷ್ಟ್ರಿಗೆ ಕೊಂಚ ಅವಮಾನವೇ ಆಯಿತು.

ನೋವು ಇಷ್ಟು ತಡವಾಗಿ ಬಂದದ್ದು ಏಕೆ? ಬೆಂಗಳೂರಿನ ಅಳಿಯ ಫೋನಿನಲ್ಲಿ ಹೇಳಿದ, ಟ್ರೈನರ್ ಹೇಳಿದ, ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಲಹೆ ಕೊಡುವವರೂ ಹೇಳಿದರು: ಲ್ಯಾಕ್ಟಿಕ್ ಆಸಿಡ್ ಕಟ್ಟಿಕೊಂಡಿದೆ. ಆ ಆಮ್ಲ ಪಾಪ, ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಾ ಬಂದಿದೆ. ವ್ಯಾಯಾಮ ನಿಲ್ಲಿಸಿ ಸುಮಾರು ಒಂದು ಗಂಟೆಯಾಗುವಾಗ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ. ನೋವು ತಲೆ ಎತ್ತುವ ಹೊತ್ತಿಗೆ ಅದು ಊರಲ್ಲೇ ಇರುವುದಿಲ್ಲ. 1983ರಲ್ಲಿ ಅಮೆರಿಕದ ಸಂಶೋಧಕರು ಓಟದ ಯಂತ್ರದ ಮೇಲೆ ಕೆಲವರನ್ನು ಸಮತಟ್ಟಿನಲ್ಲಿಯೂ ಇಳಿಜಾರಿನಲ್ಲಿಯೂ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟಿಕ್ ಆಸಿಡ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಆಸಿಡ್ ಏರಲಿಲ್ಲ, ಕಾಲು ಮಾತ್ರ ಹಿಡಿದುಕೊಂಡಿತು.

ಕಾರಣದ ಮೂಲ ಎಳೆ ಅದಕ್ಕಿಂತ ಬಹಳ ಮೊದಲೇ ಸಿಕ್ಕಿತ್ತು. 1902ರಲ್ಲಿ ಥಿಯೊಡೋರ್ ಹಫ್ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ, ಬೆರಳಿನಿಂದ ಭಾರ ಎಳೆಸುವ ಯಂತ್ರವನ್ನು ಇಟ್ಟುಕೊಂಡು, ಸ್ನಾಯುವಿನ ಒಳಗೇ ಆಗುವ ಸಣ್ಣ ಹರಿದ ಗಾಯಗಳಿಂದ ಈ ತಡವಾದ ನೋವು ಹುಟ್ಟುತ್ತದೆ ಎಂದ. ಇಂದಿನ ಪಂಡಿತರು ಅದಕ್ಕೆ ಉರಿಯೂತವನ್ನೂ ನರಗಳು ಮೊದಲಿಗಿಂತ ಸೂಕ್ಷ್ಮವಾಗುವುದನ್ನೂ ಸೇರಿಸುತ್ತಾರೆ. ವೈದ್ಯರತ್ನಂ ಪಿ.ಎಸ್. ವಾರಿಯರ್ ಕೋಟಕ್ಕಲ್‌ನಲ್ಲಿ ಆರ್ಯ ವೈದ್ಯಶಾಲೆ ತೆರೆದದ್ದೂ 1902ರಲ್ಲಿಯೇ. ಅಲ್ಲಿ ಕಾರಣ ಸಿಕ್ಕಿದ ವರ್ಷ ಇಲ್ಲಿ ಎಣ್ಣೆ ತಯಾರು!

ಈ ಗಾಯ ಹೆಚ್ಚು ಆಗುವುದು ಭಾರ ಎತ್ತುವಾಗ ಅಲ್ಲ, ಇಳಿಸುವಾಗ. ಬಸ್ಕಿಯಲ್ಲಿ ಕೆಳಗೆ ಹೋಗುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಮೈಯ ಭಾರವನ್ನು ತಡೆಹಿಡಿಯಬೇಕು. ಎರಡು ಕೆಲಸ ಒಟ್ಟಿಗೆ ಮಾಡಿಸಿದ್ದಕ್ಕೆ ಅದು ಆಮೇಲೆ ಜಗಳಕ್ಕೆ ಬರುತ್ತದೆ. ಇದನ್ನು ಮಾಷ್ಟ್ರಿಗೆ ಪುಸ್ತಕಕ್ಕಿಂತ ಚೆನ್ನಾಗಿ ಬಿಡಿಸಿ ಹೇಳಿದವರು ಇಬ್ಬರು. ಒಬ್ಬ, ತೆಂಗಿನಕಾಯಿ ಕೊಯ್ಯಲು ಬರುವಾತ. “ಹತ್ತುವಾಗ ಉಸಿರು ಹೋಗ್ತದೆ, ಇಳಿಯುವಾಗ ಕಾಲು ಹೋಗ್ತದೆ” ಎಂದ. ಅಷ್ಟು ಹೇಳಿ, ಜಿಮ್ಮಿನಲ್ಲಿ ದುಡ್ಡು ಕೊಡುವುದು ಯಾರು ಯಾರಿಗೆ ಎಂದು ವಿಚಾರಿಸಿ, ಉತ್ತರ ಕೇಳಿ ಸುಮ್ಮನೆ ತಳೆ ಹಾಕಿಕೊಂಡು ಮರ ಹತ್ತಿದ.

ಇನ್ನೊಬ್ಬ ಹಳೇ ಶಿಷ್ಯ, ಯಕ್ಷಗಾನದಲ್ಲಿ ಪುಂಡುವೇಷದವನು. ಇದು ಕುಂಬಳೆಯ ಪಾರ್ತಿಸುಬ್ಬನ ಸೀಮೆ, ಕೂಡ್ಲು ಮೇಳದ ಊರು. ತೆಂಕುತಿಟ್ಟಿನ ಧಿಗಿಣ ಇಲ್ಲಿಯ ಮಕ್ಕಳಿಗೆ ಹೊಸದಲ್ಲ. ಅಭಿಮನ್ಯುವೋ ಬಬ್ರುವಾಹನನೋ ಗಾಳಿಯಲ್ಲಿ ಸುತ್ತಿ ಹಾರುವಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಪ್ರತಿ ಹಾರಾಟಕ್ಕೂ ಒಂದು ಇಳಿತ ಇದೆ, ಗೆಜ್ಜೆ, ವೇಷ, ಭೂಷಣಗಳ ಭಾರದೊಂದಿಗೆ ಅದನ್ನು ತಡೆಯುವುದು ಎರಡು ತೊಡೆಗಳು. ಅದಕ್ಕೆ ಚಪ್ಪಾಳೆ ಇಲ್ಲ. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಇಡೀ ಕಾಲಿಗೆ ಬಿಡುವು. ತಿರುಗಾಟ ಮತ್ತೆ ಶುರುವಾದಾಗ ಮೊದಲ ಕೆಲವು ಆಟದ ಮರುದಿನ ಚೌಕಿಯಲ್ಲಿ ಕೂತರೆ ಏಳಲಾಗುವುದಿಲ್ಲ ಎಂದ ಶಿಷ್ಯ. “ಆಮೇಲೆ ಎಂತ ಹಚ್ಚುತ್ತಿ?” ಎಂದು ಮಾಷ್ಟ್ರು ಆಸೆಯಿಂದ ಕೇಳಿದರು. “ಎಂತದೂ ಇಲ್ಲ ಸರ್, ರಾತ್ರಿ ಮತ್ತೆ ಆಟ ಇರ್ತದಲ್ಲ. ಕುಣಿದ ಹಾಗೆ ಬಿಡ್ತದೆ.”

ಶಿಷ್ಯನ ಮಾತಿಗೆ ಪ್ರಯೋಗಾಲಯದ ಬೆಂಬಲವೂ ಇದೆ. ಒಮ್ಮೆ ನೋವು ತಿಂದ ಸ್ನಾಯು ಅದೇ ಕೆಲಸವನ್ನು ಎರಡನೇ ಸಲ ಮಾಡುವಾಗ ಅಷ್ಟು ನೋಯುವುದಿಲ್ಲ. ಈ ರಕ್ಷಣೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದೇ ನೋವಿನ ಭಾಗಕ್ಕೆ ಹಗುರ ಚಲನೆ ಕೊಟ್ಟರೆ ಆ ಹೊತ್ತಿಗೆ ನೋವು ತಗ್ಗುವುದೂ ನಿಜ. ಹಾಗಾಗಿ ಮೊದಲ ವಾರ ಭಾರ ಕಡಿಮೆ, ಬಸ್ಕಿ ಕಡಿಮೆ ಇಟ್ಟುಕೊಂಡರೆ ಅರ್ಧ ಎಣ್ಣೆ ಉಳಿಯುತ್ತದೆ. ಆದರೆ ಈ ಸಲಹೆಯಲ್ಲಿ ಹಚ್ಚಲಿಕ್ಕೆ, ತಿಕ್ಕಲಿಕ್ಕೆ, ನೆರೆಮನೆಗೆ ಕೊಡಲಿಕ್ಕೆ ಏನೂ ಇಲ್ಲ. ಮಧೂರಿನಲ್ಲಿ ಅದು ನಡೆಯುವ ಸಲಹೆಯಲ್ಲ.

ನಡೆದದ್ದು ಹೀಗೆ. ಮೊದಲು ಬಂದವರು ದುಬೈಯಲ್ಲಿ ದುಡಿದು ಬಂದ ನೆರೆಮನೆಯ ಇಚ್ಚ. “ಮಾಷೇ, ನಾಲ್ಕು ಬಿಂದು ಸಾಕು” ಎನ್ನುತ್ತಾ ಕೊಡಲಿ ಗುರುತಿನ ಸೀಸೆ ಕೊಟ್ಟರು. ಮಲಯಾಳದಲ್ಲಿ ಕೋಡಾಲಿ ತೈಲಂ ಎಂದೇ ಹೆಸರಾದ ಇದು ಸಿಂಗಾಪುರದ ಸರಕು, ಗಲ್ಫಿನ ಸೂಟ್‌ಕೇಸುಗಳ ಖಾಯಂ ಪ್ರಯಾಣಿಕ. ಹಚ್ಚಿದ ತಕ್ಷಣ ತೊಡೆ ತಣ್ಣಗಾಯಿತು. ನಿಜಕ್ಕೂ ತಣ್ಣಗಾಗಿರುವುದಿಲ್ಲ, ಅದರಲ್ಲಿರುವ ಮೆಂಥಾಲ್ ಚರ್ಮದ ನರಗಳಲ್ಲಿ ಚಳಿಯನ್ನು ಗುರುತಿಸುವ ಗ್ರಾಹಿಯನ್ನೇ ಒತ್ತಿ ಮಿದುಳನ್ನು ಏಮಾರಿಸುತ್ತದೆ. ಮೆಣಸಿನ ಖಾರ ಬಿಸಿಯೆಂದು ಏಮಾರಿಸುವುದೂ ಇದೇ ಬಗೆಯಲ್ಲಿ. ಈ ಗ್ರಾಹಿಗಳನ್ನು ಪತ್ತೆಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಇಚ್ಚನಿಗೆ ಏನೂ ಸಿಗಲಿಲ್ಲ.

ಆಮೇಲೆ ಟೀಚರ ಅಣ್ಣ, ಅಂದರೆ ಮಾಷ್ಟ್ರ ಭಾವ, ಕೊಟ್ಟಂಚುಕ್ಕಾದಿ ಬಿಸಿ ಮಾಡಿಸಿ ತಂದು ತಾವೇ ತಿಕ್ಕಿದರು. ಈ ಉಪಾಯ ಮಾತ್ರ ಹಗುರವಾಗಿ ನೋಡುವಂಥದಲ್ಲ. 2018ರಲ್ಲಿ ಫ್ರಾನ್ಸಿನ ಸಂಶೋಧಕರು 99 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ತೂಗಿದಾಗ ಈ ಬಗೆಯ ನೋವು ತಗ್ಗಿಸುವುದರಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದು ಮಾಲೀಷು. ಕಳರಿಯ ಗುರುಗಳು ಮಾಡಿನಿಂದ ಇಳಿಬಿಟ್ಟ ಹಗ್ಗ ಹಿಡಿದು ಕಾಲಿನಿಂದ ಉಳಿಚಿಲ್ ಮಾಡುತ್ತಾ ಬಂದದ್ದು ಸುಮ್ಮನೆ ಅಲ್ಲ. ಅದಕ್ಕೆ ಒಳ್ಳೆಯ ಕಾಲವೆಂದು ಮಲಯಾಳಿಗಳು ಹೇಳುವ ಕರ್ಕಟಕವೂ, ಮೇಳದವರು ಗೆಜ್ಜೆ ಬಿಚ್ಚಿ ಕೂತಿರುವ ನಮ್ಮ ಆಟಿ ತಿಂಗಳೂ ಹೆಚ್ಚು ಕಡಿಮೆ ಒಂದೇ. ಭಾವನ ಕೈ ಕಳರಿಯದ್ದಲ್ಲ, ಅಡಿಕೆ ಸುಲಿದ ಕೈ. ಮಾಷ್ಟ್ರ ಆರ್ತನಾದ ಕೇಳಿ ಹಟ್ಟಿಯ ದನ ಎದ್ದು ನಿಂತಿತು.

ಅಳಿಯ ಐಸ್ ಬಾತ್ ಎಂದ. ಅದಕ್ಕೆ 10ರಿಂದ 15 ಡಿಗ್ರಿಯ ನೀರು ಬೇಕು. ಮಧುವಾಹಿನಿ ಹೊಳೆ ಮಕರದ ಚಳಿಯಲ್ಲೂ ಅಷ್ಟು ತಣ್ಣಗಾಗುವುದಿಲ್ಲ. ರಾಶಿ ಮಂಜುಗಡ್ಡೆ ಸಿಗುವುದು ಕಾಸರಗೋಡಿನ ಮೀನಿನ ಮಾರುಕಟ್ಟೆಯಲ್ಲಿ. ಬಂಗುಡೆಯ ಹಾಗೆ ಪೆಟ್ಟಿಗೆಯಲ್ಲಿ ಮಲಗಲು ಮಾಷ್ಟ್ರ ಮಡಿ ಒಪ್ಪಲಿಲ್ಲ. ಮಡಿಯಿಂದ ಲಾಭವೇ ಆಯಿತು ಎನ್ನಬೇಕು. ತಣ್ಣೀರಿನಲ್ಲಿ ಕೂತರೆ ನೋವು ಸ್ವಲ್ಪ ತಗ್ಗುವುದು ಹೌದು. ಆದರೆ ಆಸ್ಟ್ರೇಲಿಯಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 12 ವಾರ ಭಾರ ಎತ್ತಿ ಪ್ರತಿಸಲವೂ ತಣ್ಣೀರಿಗೆ ಇಳಿದವರ ಸ್ನಾಯು ಇಳಿಯದವರಷ್ಟು ಬೆಳೆಯಲೇ ಇಲ್ಲ.

ಟ್ರೈನರ್ ಸ್ಟ್ರೆಚಿಂಗ್ ಕಲಿಸಿದ. ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆಯ 2011ರ ಪರಿಶೀಲನೆಯ ಪ್ರಕಾರ, ನೋವಿಗೆ 100 ಅಂಕ ಇಟ್ಟರೆ ವ್ಯಾಯಾಮದ ನಂತರದ ಸ್ಟ್ರೆಚಿಂಗ್‌ನಿಂದ ಮರುದಿನ ಇಳಿಯುವುದು ಒಂದು ಅಂಕದ ಆಸುಪಾಸು. ಒಂದು ಅಂಕಕ್ಕೆ ಮಾಷ್ಟ್ರು ಯಾರನ್ನೂ ಪಾಸು ಮಾಡಿದವರಲ್ಲ. ಫೋಮ್ ರೋಲರ್ ಬದಲು ಲಟ್ಟಣಿಗೆ ಆದೀತೇ ಎಂದು ಕೇಳಿದ್ದಕ್ಕೆ, ಹಲಸಿನ ಹಪ್ಪಳದ ಸಮಯದಲ್ಲಿ ಆ ವಿಷಯವನ್ನೇ ಎತ್ತಬೇಡಿ ಎಂದು ಟೀಚರು ಬಾಗಿಲು ಹಾಕಿದರು. ಔಷಧಿ ಅಂಗಡಿಯವರ ನೋವಿನ ಮಾತ್ರೆಯನ್ನು ಡಾಕ್ಟರೇ ತಡೆದರು, ಬಿ.ಪಿ. ಇರುವವರಿಗೆ, ಕಿಡ್ನಿಗೆ, ಹೊಟ್ಟೆಗೆ ಅದು ಸಲ್ಲದು. ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ, ಕೈಕಾಲು ಊದಿ ಬಲ ಹೋದರೆ ಎಣ್ಣೆ ಹುಡುಕುತ್ತಾ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕೆಂದೂ ಎಚ್ಚರಿಸಿದರು: ಸ್ನಾಯು ವಿಪರೀತ ಒಡೆದು ಅದರ ಕಸ ಕಿಡ್ನಿಯನ್ನು ಕಟ್ಟಿಹಾಕುವ ಸ್ಥಿತಿ ಅದು. ಈ ಮಾತು ಹೇಳುವಾಗ ಡಾಕ್ಟರು ನಗಲಿಲ್ಲ.

ಮಾಷ್ಟ್ರಿಗೆ ಹಾಗೇನೂ ಆಗಲಿಲ್ಲ. ಈ ನೋವು 24ರಿಂದ 72 ಗಂಟೆಗಳ ನಡುವೆ ಶಿಖರಕ್ಕೆ ಏರಿ, ಆಮೇಲೆ ತನ್ನಷ್ಟಕ್ಕೇ ಇಳಿದು, ವಾರದೊಳಗೆ ಹೊರಟುಹೋಗುವಂಥದು. ಅದು ಹೊರಡುವ ಹೊತ್ತಿಗೆ ಮೈಮೇಲೆ ಯಾವ ಎಣ್ಣೆ ಇರುತ್ತದೋ ಕೀರ್ತಿ ಅದಕ್ಕೆ. ಮೊದಲ ದಿನ ಹಚ್ಚಿದ್ದು ಎಷ್ಟೇ ಒಳ್ಳೆಯದಾದರೂ ಹೆಸರು ಕೆಡಿಸಿಕೊಳ್ಳುತ್ತದೆ. ನಾಲ್ಕನೇ ದಿನ ಬರೀ ತೆಂಗಿನೆಣ್ಣೆ ಹಚ್ಚಿದವನೂ ವೈದ್ಯನಾಗುತ್ತಾನೆ.

ಮಾಷ್ಟ್ರು ಬಸ್ಸಿನಿಂದ ಮುಖ ಮುಂದೆ ಮಾಡಿ ಇಳಿಯತೊಡಗಿದ್ದೇ ತಡ, ಹಕ್ಕುದಾರರು ಬಂದರು. “ನಾನು ಹೇಳಲಿಲ್ವಾ ಮಾಷೇ, ನಾಲ್ಕು ಬಿಂದು” ಎಂದರು ಇಚ್ಚ. ಕೊಟ್ಟಂಚುಕ್ಕಾದಿಯದ್ದೇ ಪ್ರತಾಪ ಎಂದರು ಭಾವ. ಸ್ಟ್ರೆಚಿಂಗ್ ವರ್ಕ್ ಆಯ್ತಲ್ಲ ಸರ್ ಎಂದ ಟ್ರೈನರ್. ಮೂವರಿಗೂ ಮಾಷ್ಟ್ರು ಬೇರೆ ಬೇರೆಯಾಗಿ ಹೌದೆಂದರು. ಆ ವಾರ ಇಚ್ಚನ ಪಿಕಪ್‌ನಲ್ಲಿ ಗೊಬ್ಬರ ತರಿಸುವುದಿತ್ತು, ಭಾವನ ಹುಲ್ಲು ಕತ್ತರಿಸುವ ಮೆಷಿನ್ ಇನ್ನೂ ಇವರ ತೋಟದಲ್ಲೇ ಇತ್ತು, ಮತ್ತು ಡಂಬೆಲ್ ಆರಿಸಿ ಕೈಗೆ ಕೊಡುವವನು ಆ ಹುಡುಗನೇ.