ನೀರೊಲೆ ಮೀಮಾಂಸೆ

‘ಅಥ’ ಎಂದು ಆರಂಭವಾಗದ ಶಾಸ್ತ್ರಕ್ಕೆ ಮರ್ಯಾದೆಯಿಲ್ಲ. ಆದ್ದರಿಂದ, ಅಥ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರದವರೆಗಿನ ಕಪಿಲಾ ಸೀಮೆಯಲ್ಲಿ, ಚಳಿಗಾಲಕ್ಕೆ ಮುನ್ನ ಬಚ್ಚಲುಮನೆಯ ಹಂಡೆಯೊಲೆಯನ್ನು ಸಜ್ಜುಗೊಳಿಸುವ ವಿಧಿಯೇ ಈ ಪ್ರಬಂಧದ ವಿಷಯ.

ಪೂರ್ವಪಕ್ಷದವರು ಬಾಗಿಲಲ್ಲೇ ಅಡ್ಡ ನಿಲ್ಲುತ್ತಾರೆ: ಜನವರಿಯ ಮುಂಜಾವಿನಲ್ಲೂ ಸರಾಸರಿ 16 ಡಿಗ್ರಿಯ ಆಸುಪಾಸಿನಲ್ಲಿರುವ ಈ ಸೀಮೆಗೆ ಚಳಿಗಾಲವೆಂಬುದು ಉಂಟೆ? ಸಮಾಧಾನ ಸುಲಭ. ಚಳಿಗೆ ಪ್ರಮಾಣ ಉಷ್ಣಮಾಪಕವಲ್ಲ, ಮಂಕಿಟೋಪಿ. ಅದು ಟ್ರಂಕಿನಿಂದ ಹೊರಬಂದ ದಿನವೇ ಚಳಿಗಾಲ. ನೀರೊಲೆ ಹೊತ್ತಿದಾಗ ಅದಕ್ಕೆ ರುಜು ಬೀಳುತ್ತದೆ.

ಒಲೆಯ ಪ್ರಾಚೀನತೆಯ ಬಗ್ಗೆ ಒಂದು ಮಾತು. ನರಸೀಪುರದ ನದೀದಂಡೆಯಲ್ಲಿ ಎಂ. ಶೇಷಾದ್ರಿಯವರು ಅಗೆದು ನವಶಿಲಾಯುಗದ ನೆಲೆಯನ್ನು ಬಯಲಿಗೆ ತಂದರು. ವರದಿ 1971ರಲ್ಲಿ ಅಚ್ಚಾಯಿತು. ಅಲ್ಲಿ ಸಿಕ್ಕ ಸುಟ್ಟಮಣ್ಣಿನ ಕೆಲವು ವಸ್ತುಗಳನ್ನು ವಿದ್ವಾಂಸರು ತಲೆದಿಂಬುಗಳೆಂದು ಗುರುತಿಸಿದ್ದಾರೆ. ಅವು ಒಲೆಗುಂಡುಗಳೇ ಎಂಬುದು ಪ್ರಸ್ತುತ ಲೇಖಕನ ಸಿದ್ಧಾಂತ. ಬೆಳಗಿನ ಜಾವ ನೀರೊಲೆ ಉರಿಸಲು ಕೂತವನು ಅಲ್ಲೇ ಒರಗಿ ಗೊರಕೆ ಹೊಡೆಯುವುದು ಇಂದಿಗೂ ಕಂಡದ್ದೇ ಆದ್ದರಿಂದ, ಎರಡು ಪಕ್ಷಕ್ಕೂ ಹೆಚ್ಚು ವಿರೋಧವಿಲ್ಲ.

ಇನ್ನು ವಿಧಿ. ಕಾಲ: ಆಶ್ವಯುಜ ಬಹುಳ ತ್ರಯೋದಶಿ, ಅಂದರೆ ನೀರು ತುಂಬುವ ಹಬ್ಬ. ಮರುದಿನ ನರಕ ಚತುರ್ದಶಿಯ ಎಣ್ಣೆಸ್ನಾನ ಕಾದಿರುವುದರಿಂದ ವಾಯಿದೆ ಕೇಳುವಂತಿಲ್ಲ. ತಾಮ್ರದ ಹಂಡೆಯನ್ನು ಒಲೆಯಿಂದ ಇಳಿಸಲು ಇಬ್ಬರು ಆಳು ಬೇಕು, ದೂರದಲ್ಲಿ ನಿಂತು ‘ಹುಷಾರು’ ಎನ್ನಲು ಒಬ್ಬ ಹಿರಿಯ. ಒಳಗೆ ಬೋರ್‌ವೆಲ್ ನೀರು ವರ್ಷವಿಡೀ ಕಟ್ಟಿದ ಸುಣ್ಣದ ಪದರವನ್ನು ಹುಣಸೆಹಣ್ಣಿನ ಹುಳಿ ಕರಗಿಸುತ್ತದೆ. ಒಲೆಯ ಬಿರುಕಿಗೆ ಹುತ್ತದ ಮಣ್ಣು, ಸಗಣಿ. ಹಂಡೆಯ ಕೊರಳಿಗೆ ಬಳ್ಳಿ, ಹೊಟ್ಟೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ. ತಳದ ಮಸಿಯ ವಿಚಾರದಲ್ಲಿ ಮಾತ್ರ ಅತ್ತೆ ಸೊಸೆಯರ ನಡುವೆ ಭಿನ್ನಮತವಿದೆ: ಮಸಿ ಶಾಖ ಹೀರುತ್ತದೆ, ಇರಲಿ ಎಂಬುದು ಉಜ್ಜಬೇಕಾದವರ ಪಕ್ಷ; ದಪ್ಪ ಮಸಿ ಶಾಖವನ್ನು ತಡೆಯುತ್ತದೆ, ತೆಗೆಯಬೇಕು ಎಂಬುದು ಉಜ್ಜಿಸುವವರ ಪಕ್ಷ. ಭೌತಶಾಸ್ತ್ರ ಅತ್ತೆಯ ಕಡೆಗಿದೆ.

ಉರುವಲಿನ ಅಧ್ಯಾಯದಲ್ಲಿ ಎರಡು ಮಠಗಳು. ನಂಜನಗೂಡಿನವರದು ಭತ್ತದ ಹೊಟ್ಟು. 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ತೆರೆದು, ಇದೇ ಹೊಟ್ಟನ್ನು ಸುಟ್ಟು ನಾಡಿಗೇ ಹಲ್ಲುಪುಡಿ ಉಣಬಡಿಸಿದ ಊರದು. ಒಂದೇ ಹೊಟ್ಟಿನಿಂದ ದಂತಧಾವನವೂ ಸ್ನಾನವೂ ಸಿದ್ಧಿಸುತ್ತವೆಂದು ಅಲ್ಲಿನ ಅನುಯಾಯಿಗಳು ಮೀಸೆ ತಿರುವುತ್ತಾರೆ. ನರಸೀಪುರದವರದು ಹಿಪ್ಪುನೇರಳೆ ಕಡ್ಡಿ. ಸೊಪ್ಪು ಹುಳುವಿಗೆ, ಕಡ್ಡಿ ಒಲೆಗೆ. ಅವರ ವಾದಕ್ಕೆ ಸರ್ಕಾರಿ ಸಾಕ್ಷಿಯೂ ಇದೆ: ಊರಿನ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ಗೂಡು ಬಿಸಿನೀರಿಗಿಳಿದ ಮೇಲೆ ತಾನೇ ಎಳೆ ಬಿಟ್ಟುಕೊಟ್ಟು ಮೈಸೂರು ಸಿಲ್ಕ್ ಆಗುವುದು? ಬಿಸಿನೀರಿನ ಮಹಿಮೆಗೆ ಇದಕ್ಕಿಂತ ಫಲಶ್ರುತಿ ಬೇಕೆ? ಹುಳುವಿನ ಅಭಿಪ್ರಾಯವನ್ನು ಯಾರೂ ದಾಖಲಿಸಿಲ್ಲ.

ಎರಡೂ ಮಠಗಳನ್ನು ಸಮನಾಗಿ ಕಾಡುವುದು ಹಿಂಗಾರು. ಈ ಸೀಮೆಯಲ್ಲಿ ಅಕ್ಟೋಬರ್ ಎಂದರೆ ಜೋರು ಮಳೆಯ ತಿಂಗಳು. ಒಲೆ ಸಿದ್ಧವಾಗುವ ಹೊತ್ತಿಗೆ ಸೌದೆ ನೆಂದು ತೊಪ್ಪೆ. ತಾರ್ಕಿಕರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವವರು. ಪಾಪ, ಅವರು ಕಾರ್ತಿಕದ ಬಚ್ಚಲುಮನೆ ನೋಡಿರಲಿಲ್ಲ; ಅಲ್ಲಿ ಹೊಗೆ ಉಂಟು, ಬೆಂಕಿಯಿಲ್ಲ ಎನ್ನೋಣವೆಂದರೆ ಅದಕ್ಕೂ ಅವರಲ್ಲಿ ಉತ್ತರವಿದೆ. ಹೊಗೆಗೆ ಬೆಂಕಿಯ ಜೊತೆ ‘ಆರ್ದ್ರೇಂಧನ ಸಂಯೋಗ’ವೂ ಬೇಕೆಂದು ನ್ಯಾಯಶಾಸ್ತ್ರ ಹೇಳುತ್ತದೆ. ಅಂದರೆ ಹಸಿ ಸೌದೆ. ಊದುಕೊಳವೆ ಹಿಡಿದು ಕಣ್ಣೀರಿಟ್ಟವರಲ್ಲದೆ ಬೇರೆ ಯಾರೂ ಈ ಉಪಾಧಿಯನ್ನು ಕಂಡುಹಿಡಿಯಲಾರರು.

ಈಗ ಗಣಿತ. 40 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 1,200 ಕಿಲೋಕ್ಯಾಲರಿ ಸಾಕು. ಒಂದು ಕಿಲೋ ಒಣಸೌದೆಯಲ್ಲಿ ಹತ್ತಿರಹತ್ತಿರ 4,000 ಇರುತ್ತದೆ. ಲೆಕ್ಕಕ್ಕೆ 300 ಗ್ರಾಂ ಸಾಕು. ಒಲೆ ಮೂರು ಕಿಲೋ ನುಂಗಿತು ಅನ್ನಿ, ಉಳಿದ ಒಂಬತ್ತು ಪಾಲು ಶಾಖ ಎಲ್ಲಿಗೆ ಹೋಯಿತು? ಒಂದಿಷ್ಟು ಗೋಡೆಗೆ, ಒಂದಿಷ್ಟು ಹೆಂಚಿಗೆ, ಒಂದಿಷ್ಟು ಬೆಕ್ಕಿಗೆ, ಬಹುಭಾಗ ಒಲೆಗೆ ಬೆನ್ನು ಕೊಟ್ಟು ಪೇಪರ್ ಓದುತ್ತ ನಿಂತ ಯಜಮಾನರಿಗೆ. ಇದನ್ನು ನಷ್ಟವೆನ್ನುವವರು ಒಲೆಯ ಮರ್ಮ ಅರಿಯದವರು. ಬೆನ್ನು ಕಾಯಿಸುವುದೇ ಪ್ರಧಾನ, ನೀರು ಕಾಯುವುದು ಆನುಷಂಗಿಕ.

ಈ ಮರ್ಮವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಘಟಕ ಮುಂದೆ ಒಲೆಯನ್ನೇ ತಿದ್ದಿತು. ಉರಿಯನ್ನು ಒಳಗೆ ಕಟ್ಟಿಹಾಕಿ, ಹೊಗೆಯನ್ನು ಕೊಳವೆಯಲ್ಲಿ ಹೊರಗಟ್ಟಿ, ಸೌದೆ ಉಳಿಸಿತು. ಹೆಂಗಸರ ಕಣ್ಣು, ಶ್ವಾಸಕೋಶ ಎರಡಕ್ಕೂ ಉಪಕಾರವಾಯಿತು, ಅದು ಸತ್ಯ. ಬೆನ್ನುಗಳ ಗತಿಯೇನು ಎಂಬುದಕ್ಕೆ ವಿಜ್ಞಾನ ಉತ್ತರಿಸಿಲ್ಲ. ಸೋಲಾರ್‌ನವರಂತೂ ಒಲೆಯನ್ನೇ ಚಾವಣಿಗೆ ಏರಿಸಿದರು. ಮೋಡ ಕವಿದ ದಿನ ಅದೂ ನಮ್ಮಂತೆ ಮುದುಡಿ ಕೂರುತ್ತದೆ.

ಕೊನೆಯದು ಸ್ನಾನಕ್ರಮ. ಬಿಸಿನೀರು ತೋಡಿದವನು ತೋಡಿದಷ್ಟೇ ತಣ್ಣೀರು ಸುರಿದು, ಒಂದು ಕಡ್ಡಿ ಮುಂದೂಡಿ ಬರತಕ್ಕದ್ದು ಎಂಬುದು ಮೂಲಸೂತ್ರ. ಇದಕ್ಕೆ ಅಪವಾದ ಒಂದೇ: ಮೊದಲ ದೀಪಾವಳಿಗೆ ಬಂದ ಅಳಿಯಂದಿರು. ಅವರು ಹಂಡೆಯ ತಳ ಕಾಣಿಸಿದರೂ ದೋಷವಿಲ್ಲ. ತುಂಬುವ ಭಾರ ಭಾವಮೈದುನನದು. ಈ ಅಪವಾದವನ್ನು ಯಾವ ಆಚಾರ್ಯರು, ಯಾವ ಆಧಾರದ ಮೇಲೆ ಸೇರಿಸಿದರೆಂದು ಶೋಧಿಸಬೇಕಿದೆ. ಪ್ರಸ್ತುತ ಲೇಖಕನೇ ಭಾವಮೈದುನನಾಗಿರುವುದರಿಂದ ಆ ಶೋಧವನ್ನು ನಿಷ್ಪಕ್ಷಪಾತಿಯಾದ ಬೇರೊಬ್ಬರು, ಆದಷ್ಟೂ ಈ ತ್ರಯೋದಶಿಯ ಒಳಗೆ, ಕೈಗೊಳ್ಳುವುದು ಲೇಸು.